ಕೂಸಿನ ಉಸಿರು, ಹಿರಿಯರ ಹೊಣೆ



ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ರಾಜೇಶ್ವರ ಗ್ರಾಮವಿದೆ. ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ, ಅಲ್ಲಿಯ ಭಕ್ತರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಆ ಮನೆಯ ಸೊಸೆ ಎಂಟು ತಿಂಗಳ ಕೂಸನ್ನು ಎತ್ತಿ ತಂದು, "ಮೂರು ದಿನದಿಂದ ಕೆಮ್ಮು ಅಪ್ಪಾರ, ಇವತ್ತು ಮೊಲೀನೂ ಹಿಡೀವಲ್ದು" ಎಂದಳು. ನಾವು ಕೂಸಿನ ಹಣೆಗೆ ವಿಭೂತಿ ಹಚ್ಚಿ, "ಬಸವಣ್ಣ ಕಾಯುತ್ತಾನೆ ತಾಯಿ" ಎಂದು ಹರಸಿದೆವು. ಅದರ ಎದೆಯನ್ನು ಮಾತ್ರ ನೋಡಲಿಲ್ಲ. ನಡುರಾತ್ರಿ ಪಕ್ಕೆ ಒಳಸೆಳೆದು ತುಟಿ ನೀಲಿಗಟ್ಟಿದಾಗ ಮನೆಯವರು ಆಸ್ಪತ್ರೆಗೆ ಓಡಿದರು. ಕೂಸು ಉಳಿಯಿತು. ಆದರೆ ನಮ್ಮ ಮಾತನ್ನು ನಂಬಿ ಆ ತಾಯಿ ಕಳೆದುಕೊಂಡ ಗಂಟೆಗಳ ನೋವು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಆ ಕೂಸನ್ನು ಯಾವ ದೊಡ್ಡ ಯಂತ್ರಕ್ಕೂ ಹಾಕಲಿಲ್ಲ. ತೀವ್ರ ನಿಗಾ ಘಟಕವೂ ಬೇಕಾಗಲಿಲ್ಲ. ಮಕ್ಕಳ ವಾರ್ಡಿನಲ್ಲಿಯೇ ಮೂಗಿಗೆ ಸಣ್ಣ ನಳಿಕೆಯಿಂದ ಆಮ್ಲಜನಕ ಕೊಟ್ಟು, ಬೆರಳಿಗೆ ಅಳೆಯುವ ಸಾಧನ ಕಟ್ಟಿ, ದಾದಿಯರು ಸರದಿಯಂತೆ ಕಾದರು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಉಪಾಯವೂ ಉಂಟು. ಮೂಗಿನ ನಳಿಕೆಯ ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳೇಳುತ್ತವೆ. ನೀರಿನ ಆಳಕ್ಕೆ ತಕ್ಕ ಒತ್ತಡವು ಶ್ವಾಸಕೋಶದ ಗಾಳಿಗೂಡುಗಳನ್ನು ಮುಚ್ಚಿಹೋಗದಂತೆ ತೆರೆದಿಡುತ್ತದೆ. ಬಾಂಗ್ಲಾದೇಶದ ವೈದ್ಯ ಮೊಹಮ್ಮದ್ ಜೋಬಾಯೆರ್ ಚಿಸ್ತಿ ಅವರು ಇದನ್ನು ಶಾಂಪೂ ಬಾಟಲಿಯಿಂದ ಸಾಧಿಸಿದರು. 2015ರಲ್ಲಿ ಪ್ರಕಟವಾದ ಅವರ ಢಾಕಾ ಅಧ್ಯಯನದಲ್ಲಿ, ಸಾಮಾನ್ಯ ವಿಧಾನದಲ್ಲಿ ಆಮ್ಲಜನಕ ಪಡೆದ 67 ಮಕ್ಕಳಲ್ಲಿ 10 ಮಂದಿ ತೀರಿಕೊಂಡರೆ, ಗುಳ್ಳೆಯ ವಿಧಾನದ 79 ಮಕ್ಕಳಲ್ಲಿ ತೀರಿಕೊಂಡವರು 3. ನಮ್ಮ ಬೆಂಗಳೂರಿನಲ್ಲಿಯೂ ನವಜಾತ ಶಿಶುಗಳಿಗಾಗಿ 'ಸಾನ್ಸ್' ಎಂಬ ಉಪಕರಣ ರೂಪುಗೊಂಡಿದೆ. ವಿದ್ಯುತ್ತಿಲ್ಲದಾಗ ಕೈಯಿಂದಲೂ ಗಾಳಿ ಒತ್ತಬಹುದು.

ಆದರೆ ಆಫ್ರಿಕದ ಮಲಾವಿ ದೇಶದ ಅನುಭವ ಬೇರೆ. ನಿತ್ಯ ವೈದ್ಯರ ಮೇಲ್ವಿಚಾರಣೆಯಿಲ್ಲದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಇದೇ ವಿಧಾನವನ್ನು ಪರೀಕ್ಷಿಸಿದಾಗ, 2019ರ ವರದಿಯಂತೆ, ಗುಳ್ಳೆಯ ವಿಧಾನದ ಮಕ್ಕಳಲ್ಲಿ ನೂರಕ್ಕೆ 17, ಸಾಮಾನ್ಯ ಆಮ್ಲಜನಕದವರಲ್ಲಿ 11 ಮಂದಿ ತೀರಿಕೊಂಡರು. ಸಾಧನ ಅದೇ, ಕಾಯುವ ಕಣ್ಣು ಸಾಲದಾಗಿತ್ತು. ಆದುದರಿಂದ ಮನೆಯಲ್ಲಿ ಇದನ್ನು ಮಾಡಹೊರಡುವುದು ಅನಾಹುತ. ಆಸ್ಪತ್ರೆಗೆ ಯಂತ್ರ ಕೊಡುವ ದಾಸೋಹಿಗಳು ಅದನ್ನು ನೋಡಿಕೊಳ್ಳುವ ದಾದಿಯರ ತರಬೇತಿಯನ್ನೂ ವಿಚಾರಿಸಬೇಕು. ಕಾಯಕವಿಲ್ಲದ ದಾಸೋಹ ಪೂರ್ಣವಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಎಣಿಕೆ. ಕೂಸು ಸುಮ್ಮನಿದ್ದಾಗ ಅಂಗಿ ಎತ್ತಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರೆಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ. ಪಕ್ಕೆ ಸೆಳೆತ, ಮೊಲೆ ಬಿಡುವುದು, ಮಂಕಾಗುವುದು, ತುಟಿ ನೀಲಿಯಾಗುವುದು ಕಂಡರೆ 108ಕ್ಕೆ ಕರೆ ಮಾಡಿ, ಆ ವಾಹನದಲ್ಲಿ ಆಮ್ಲಜನಕವಿದೆಯೇ ಎಂದು ಕೇಳಿರಿ. ಬರೆ ಹಾಕಿಸಬೇಡಿರಿ, ಒಲೆಯ ಹೊಗೆ ಕೂಸಿನ ಬಳಿ ಸುಳಿಯದಿರಲಿ. 2017ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ಆರಂಭವಾದ ನ್ಯುಮೋಕಾಕಲ್ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಸರಕಾರಿ ಕೇಂದ್ರಗಳಲ್ಲಿ ಅದು ಉಚಿತ.

ನಾವು ಕೂಸಿಗೂ ಲಿಂಗಧಾರಣೆ ಮಾಡುವವರು, ಪ್ರಾಣವನ್ನೇ ಲಿಂಗವೆನ್ನುವವರು. ಆ ಪ್ರಾಣ ಏದುತ್ತಿರುವಾಗ ನೋಡದೆ ಕುಳಿತರೆ ನಮ್ಮ ಪೂಜೆ ಯಾರಿಗೆ? ಈಗಲೂ ತಾಯಂದಿರು ಕೂಸನ್ನು ತಂದರೆ ನಾವು ವಿಭೂತಿ ಹಚ್ಚುತ್ತೇವೆ. ಆದರೆ ಮೊದಲು ಅಂಗಿ ಎತ್ತಿ ಉಸಿರೆಣಿಸುತ್ತೇವೆ.