ಕುರ್ಚಿ ಬದಲಾದರೆ ವಿಷ ಔಷಧಿ ಆಗುತ್ತದೆಯೇ?



ನಿಮ್ಮ ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಕ್ಲೋರ್‌ಪೈರಿಫಾಸ್ ಡಬ್ಬಿ ಇದ್ದರೆ ಒಮ್ಮೆ ಕೈಗೆ ತಗೊಂಡು ನೋಡಿ. ಗೆದ್ದಲಿಗೆ, ಗೊಣ್ಣೆಹುಳಕ್ಕೆ, ಭತ್ತದ ಕಾಂಡಕೊರಕಕ್ಕೆ ನಾವು ಹೊಡೆಯೋದು ಅದನ್ನೇ. ನಾನೂ ಅಂಗಡಿಯ ಸಾಲದಲ್ಲಿ ತಂದು ಹೊಡೆದಿದ್ದೇನೆ. ಹೊಡೆದ ದಿನ ಸಂಜೆ ತಲೆ ಸುತ್ತಿ, ಕಣ್ಣಲ್ಲಿ ನೀರು ಸುರಿದು, 'ಬಿಸಿಲಿನ ಝಳ' ಅಂತ ಮಜ್ಜಿಗೆ ಕುಡಿದು ಮಲಗಿದ್ದೇನೆ. ಅದು ಬಿಸಿಲಲ್ಲ ಸ್ವಾಮಿ! ಹುಳದ ನರ ಕೆಡಿಸುವ ವಿಷ ಮನುಷ್ಯನ ನರವನ್ನೂ ಬಿಡೋದಿಲ್ಲ.

ಇದೇ ಡಬ್ಬಿಯ ಕಥೆ ಅಮೆರಿಕದಲ್ಲಿ ಏನಾಯಿತು ಕೇಳಿ. ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಇದರಿಂದ ಕೇಡು ಎಂಬ ಆತಂಕ ಅಲ್ಲಿ ಹಳೆಯದು. 2000 ರಲ್ಲೇ ಮನೆಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಲು ಒಪ್ಪಂದವಾಯಿತು. 2015 ರಲ್ಲಿ, ಒಬಾಮ ಕಾಲದಲ್ಲಿ, ಆಹಾರ ಬೆಳೆಗಳಿಂದಲೂ ತೆಗೆಯಬೇಕೆಂದು ಪರಿಸರ ಇಲಾಖೆಯೇ ಪ್ರಸ್ತಾಪ ತಂದಿತು. 2017 ರ ಜನವರಿಯಲ್ಲಿ ಟ್ರಂಪ್ ಬಂದರು. ಮಾರ್ಚ್ ಮುಗಿಯುವುದರೊಳಗೆ ಅದೇ ಇಲಾಖೆ 'ನಿಷೇಧ ಬೇಡ' ಅಂದಿತು. 2021 ರಲ್ಲಿ ಬೈಡನ್ ಬಂದರು. ನ್ಯಾಯಾಲಯ ಚಾಟಿ ಬೀಸಿದ ಮೇಲೆ ಆಗಸ್ಟಿನಲ್ಲಿ ಇಲಾಖೆ 'ಆಹಾರ ಬೆಳೆಗೆ ಬೇಡ' ಅಂದಿತು. 2023 ರಲ್ಲಿ ಇನ್ನೊಂದು ನ್ಯಾಯಾಲಯ ಆ ಆದೇಶವನ್ನೂ ರದ್ದು ಮಾಡಿತು. ವಿಷ ಅದೇ, ಕೂಸಿನ ಮಿದುಳೂ ಅದೇ. ಬದಲಾಗಿದ್ದು ಕುರ್ಚಿಯ ಮೇಲೆ ಕೂತವರು.

ಅಲ್ಲಿನ ರಾಮಾಯಣ ನಮಗೇಕೆ ಅಂತೀರಾ? ಇಲ್ಲಿಗೇ ಬನ್ನಿ. 2020 ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಕ್ಲೋರ್‌ಪೈರಿಫಾಸ್ ಅದರಲ್ಲಿತ್ತು. ಆಮೇಲೆ ಸಮಿತಿ, ಆಕ್ಷೇಪಣೆ, ಮತ್ತೆ ಸಮಿತಿ. 2023 ರಲ್ಲಿ ಅಂತಿಮ ಆದೇಶ ಬಂದಾಗ 27 ರ ಪಟ್ಟಿ ಕೈಬೆರಳೆಣಿಕೆಗೆ ಇಳಿದಿತ್ತು. ಕ್ಲೋರ್‌ಪೈರಿಫಾಸಿಗೆ ಕೆಲವೇ ಬೆಳೆಗಳಲ್ಲಿ ತಡೆ, ಉಳಿದದ್ದಕ್ಕೆ ಬಾಗಿಲು ತೆರೆದೇ ಇತ್ತು. ಇಲ್ಲಿ ಕುರ್ಚಿಯೂ ಬದಲಾಗಲಿಲ್ಲ ನೋಡಿ, ಮಾತು ಮಾತ್ರ ಬದಲಾಯಿತು. 1968 ರ ಕೀಟನಾಶಕ ಕಾಯಿದೆಯ ಜಾಗಕ್ಕೆ ಅಂತ ಕಾಂಗ್ರೆಸ್ಸಿನವರು 2008 ರಲ್ಲಿ ಒಂದು ಮಸೂದೆ ತಂದರು, ಭಾಜಪದವರು 2020 ರಲ್ಲಿ ಇನ್ನೊಂದು ತಂದರು. ಎರಡೂ ಕಾಯಿದೆಯಾಗಲಿಲ್ಲ. ಬಾವುಟ ಬೇರೆ, ಜಡತನ ಒಂದೇ.

ಹಾಗಾದರೆ ಯಾರನ್ನು ನಂಬೋದು? ಎಂಡೋಸಲ್ಫಾನ್ ನೆನಪು ಮಾಡಿಕೊಳ್ಳಿ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಅದನ್ನು ಸುರಿದರು. ಅಷ್ಟರಲ್ಲಿ ಎರಡೂ ರಾಜ್ಯಗಳಲ್ಲಿ ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು! 2011 ರ ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ತಡೆ ಹಾಕಿತು. ಅದು ಯಾವ ಪಕ್ಷದ ದಾನವೂ ಅಲ್ಲ. ನಡೆಯಲಾರದ ಮಕ್ಕಳನ್ನು ಹೊತ್ತು ಬೀದಿಗೆ ಬಂದ ತಾಯಂದಿರು ವರ್ಷಾನುವರ್ಷ ಕೂಗಿದ್ದರ ಫಲ.

ನಿಷೇಧ ಅಂದ ಕೂಡಲೇ ನಮ್ಮವರೇ ಹೆದರುತ್ತಾರೆ: 'ಬೆಳೆ ಹೋದರೆ ಸಾಲ ಯಾರು ತೀರಿಸ್ತಾರೆ?' ನ್ಯಾಯವಾದ ಪ್ರಶ್ನೆ. ಆದರೆ ಡಬ್ಬಿ ಉಳಿದರೂ ನಷ್ಟ ನಮ್ಮದೇ. ಯುರೋಪಿನವರು 2020 ರಲ್ಲಿ ಇದರ ಪರವಾನಗಿ ನಿಲ್ಲಿಸಿ, ಆಹಾರದಲ್ಲಿ ಕಿಲೋಗೆ 0.01 ಮಿಲಿಗ್ರಾಂ ದಾಟಬಾರದು ಅಂದರು. ಮಾಲು ಬಂದರಿನಿಂದ ವಾಪಸಾದರೆ ಧಾರಣೆ ಬೀಳೋದು ರೈತನಿಗೇ ಹೊರತು ಕಂಪನಿಗಲ್ಲ. 2025 ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು, ಕೆಲವು ವಿನಾಯಿತಿ ಇಟ್ಟು, ಇದನ್ನು ಜಗತ್ತಿನಿಂದಲೇ ತೊಲಗಿಸುವ ಪಟ್ಟಿಗೆ ಸೇರಿಸಿದವು. ಇವತ್ತಲ್ಲ ನಾಳೆ ಇದು ಹೋಗುವ ಸರಕು.

ಆದ್ದರಿಂದ ನಾವು ಈಗಲೇ ಕೇಳಬೇಕು. ನಿಷೇಧಿಸುವ ದಿನವೇ ಬದಲಿ ದಾರಿ ತೋರಿಸಿ, ಅದರ ಖರ್ಚು ಸರ್ಕಾರವೇ ಹೊರಲಿ. ವಿಷ ಸೋಕಿದವನ ಚಿಕಿತ್ಸೆ ಅವನ ಹೊಲ ಮಾರಿಸದಿರಲಿ. ಹೊಡೆಯಲು ಬರುವ ಕೂಲಿಯವನೂ ಆ ಲೆಕ್ಕದಲ್ಲಿರಲಿ.

ಮುಂದಿನ ಸಲ ಓಟು ಕೇಳಲು ಬಂದವರಿಗೆ ಹಾರ ಹಾಕಬೇಡಿ. ಆ ಡಬ್ಬಿಯನ್ನು ಮುಂದಿಟ್ಟು, 'ಇದಕ್ಕೆ ಏನು ಹೇಳ್ತೀರಿ?' ಅಂತ ಕೇಳಿ. ಗೆದ್ದ ಮೇಲೂ ಬಿಡಬೇಡಿ, ಅದನ್ನೇ ಕೇಳಿ.