ಹಳೆಯ ಬೋಟಿಗೆ ಹೊಸ ಕಿವಿ

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ, ಹಳೆಯ ಮರದ ಬೋಟಿಗೆ ಫಿಶ್ ಫೈಂಡರ್ ಹಾಕಿಸಬೇಕೇ ಎಂಬ ಮಾತು ಎದ್ದರೆ ಅದು ಬೇಗನೆ ಪರದೆಗೆ ಬಂದು ನಿಲ್ಲುತ್ತದೆ: ಎಷ್ಟು ಇಂಚು, ಎಷ್ಟು ರೂಪಾಯಿ. ಹಾಕಿಸಬೇಕು ಎಂದೇ ನಾನೂ ಹೇಳುತ್ತೇನೆ. ಆದರೆ ಮೊದಲ ದುಡ್ಡು ಹೋಗಬೇಕಾದದ್ದು ಬೋಟಿನ ತಳಕ್ಕೆ.

ಈ ಯಂತ್ರದ ಕೆಲಸ ಕೇಳಿಸಿಕೊಳ್ಳುವುದು. ತಳದಲ್ಲಿ ಕೂರಿಸಿದ ಟ್ರಾನ್ಸ್‌ಡ್ಯೂಸರ್ ನೀರಿಗೆ ಸದ್ದು ಬಿಡುತ್ತದೆ. ಕಡಲಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವ ಆ ಸದ್ದು 75 ಮೀಟರ್ ಆಳದ ನೆಲ ಮುಟ್ಟಿ ಮರಳಲು ಸೆಕೆಂಡಿನ ಹತ್ತರಲ್ಲೊಂದು ಭಾಗ ಸಾಕು. ಮೀನಿನ ಒಡಲಿನ ಗಾಳಿಚೀಲ ಅದನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ಪ್ರೊಪೆಲ್ಲರ್ ಎಬ್ಬಿಸುವ ನೊರೆಯಲ್ಲಿರುವುದೂ ಗಾಳಿಯೇ ಎಂಬುದು ತೊಡಕು. ಆ ನೊರೆಯ ದಾರಿಯಲ್ಲಿ ಕೂರಿಸಿದರೆ ಎಂಥ ದುಬಾರಿ ಪರದೆಯೂ ಬರಿಯ ಗೀಚು ತೋರಿಸುತ್ತದೆ.

ಫೈಬರ್ ದೋಣಿಯ ಗಟ್ಟಿ ತಳಕ್ಕಾದರೆ ಒಳಗಿನಿಂದಲೇ ಅಂಟಿಸಬಹುದು. ಮರ ಸದ್ದನ್ನು ನುಂಗುತ್ತದೆ. ತಳದಲ್ಲಿ ಕೂರಿಸುವುದಾದರೆ ಹಲಗೆ ಕೊರೆಯಲೇಬೇಕು. ನೀರು ಕುಡಿದ ಮರ ಉಬ್ಬಿದಾಗ ಪ್ಲಾಸ್ಟಿಕ್ ಕವಚ ಬಿರಿಯಬಹುದು, ಹಾಗಾಗಿ ಕಂಚಿನದ್ದೇ ಲೇಸು. ತಳ ಇಳಿಜಾರಾಗಿದ್ದರೆ ಮರದ ತುಂಡು ಕೆತ್ತಿ ಕೊಟ್ಟು ಟ್ರಾನ್ಸ್‌ಡ್ಯೂಸರ್ ನೇರ ಕೆಳಕ್ಕೆ ಮುಖ ಮಾಡುವಂತೆ ಕೂರಿಸಬೇಕು. ಇದು ಬಡಗಿಯ ಕೆಲಸ. ಯಂತ್ರ ಮಾರುವವನು ಇದರ ಮಾತೆತ್ತುವುದು ಅಪರೂಪ. ವಯರನ್ನೂ ಬ್ಯಾಟರಿಯಿಂದ ಪ್ರತ್ಯೇಕವಾಗಿ ಎಳೆಯಬೇಕು. ಎಂಜಿನ್ ವಯರಿನ ಜೊತೆ ಕಟ್ಟಿದರೆ ಅದರ ಗದ್ದಲವೂ ಪರದೆಯ ಮೇಲೆ ಮೂಡುತ್ತದೆ.

ಯಂತ್ರ ಬಂದರೆ ಬೋಟು ನಡೆಸುವ ತಾಂಡೇಲನ ವಿದ್ಯೆ ಮೂಲೆ ಸೇರುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಪರದೆಯ ಮೇಲೆ ಬರುವುದು ಒಂದು ಕಲೆ, ಅಷ್ಟೇ. ಅದು ಬಂಗುಡೆಯೋ ಬೂತಾಯಿಯೋ ಎಂದು ಋತು, ನೀರಿನ ಬಣ್ಣ, ಗುಂಪಿನ ಆಕಾರ ನೋಡಿ ಅಂದಾಜಿಸುವವನು ತಾಂಡೇಲನೇ. ಮರಿಮೀನಿನ ಗುಂಪೂ ಪರದೆಯಲ್ಲಿ ದಟ್ಟವಾಗಿಯೇ ಕಾಣುತ್ತದೆ. ಅಲ್ಲಿ ಬಲೆ ಬಿಡದಿರುವ ತೀರ್ಮಾನವನ್ನೂ ಅವನೇ ಮಾಡಬೇಕು. ಅವನಿಗೆ ಕಲಿಸದೆ ಯಂತ್ರ ಹಾಕಿಸುವುದು ದಂಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟು ದಡಕ್ಕೆ ಬಂದಾಗ, ಅಂಗಡಿಗೆ ಹೋಗುವ ಮೊದಲು ಬಡಗಿಯನ್ನು ಕರೆಸಿ. ತಳದ ಹಲಗೆ ಕೊರೆತ ತಡೆದೀತೇ ಎಂದು ಕೇಳಿ. ತಡೆಯದು ಎಂದರೆ ಈ ವರ್ಷ ಹಲಗೆ ಬದಲಿಸಿ. ಫಿಶ್ ಫೈಂಡರ್ ಮುಂದಿನ ವರ್ಷ ಬಂದರೂ ನಡೆಯುತ್ತದೆ.