ಹೆಸರು ನೋಡಿ ಹೆದರಬ್ಯಾಡ್ರಿ, ಅದರ ಮನಿ ಎಲ್ಲದ ಅಂತ ಕೇಳ್ರಿ

ಈ ಸಲ ಅಡಗಿ ಮಾತು ಬದಿಗಿಟ್ಟು ಕಂಪ್ಯೂಟರಿನ ಮಾತು ತಗದೀನಿ. ವೈನಿಗೋಳು, ಮೌಶಿಗೋಳು, ಓಣಿ ಅಕ್ಕಗೋಳು ಯಾರೂ "ಇದು ನಮಗಲ್ಲ" ಅಂತ ಮುಂದ ಹೋಗಬ್ಯಾಡ್ರಿ. ಇದು ನಮಗs ಅದ. ಮನ್ಯಾಗ ಲ್ಯಾಪ್‌ಟಾಪ್ ಯಾರದರ ಇರಲಿ, ಅದು ಕೆಟ್ಟಾಗ ಅಂಗಡಿಯವಗ ರೊಕ್ಕ ಎಣಿಸಿ ಕೊಡೋರು ನಾವು.

ನಮ್ಮ ಓಣ್ಯಾಗ ಒಂದು ಹೊಸ ಚಾಳಿ ಸುರು ಆಗೇದ. ಲ್ಯಾಪ್‌ಟಾಪ್ ಸ್ವಲ್ಪ ಮಂದ ಆತು ಅಂದ್ರ ಯಾರರೆ ಒಬ್ಬರು ಟಾಸ್ಕ್ ಮ್ಯಾನೇಜರ್ ತಗೀತಾರ. ಉದ್ದಕ ಒಂದು ಪಟ್ಟಿ ಬರತದ. ಅದರಾಗ ಕಂಡು ಕೇಳರಿಯದ ಇಂಗ್ಲಿಷ್ ಹೆಸರು. "ಅಯ್ಯ, ಇದೇನ್ರೀ ಇದು? ನಾವು ಹಾಕಿದ್ದಲ್ಲ! ವೈರಸ್ಸs ಇರಬೇಕು!" ಅಲ್ಲಿಗೆ ತೀರ್ಪು ಆಗಿಹೋತು. ಆಮ್ಯಾಲೆ ಅಂಗಡಿ ಹುಡುಗ ಬರತಾನ, ಆ ಹೆಸರಿನ ಮ್ಯಾಲೆ ಬಟ್ಟ ಇಡತಾನ, ತಲಿ ಅಲ್ಲಾಡಸ್ತಾನ, ಫಾರ್ಮ್ಯಾಟ್ ಮಾಡಬೇಕು ಅಂತಾನ.

ನಾ ಒಂದು ಮಾತು ನೆಟ್ಟಗ ಹೇಳಿಬಿಡ್ತೀನಿ. ಬರೇ ಹೆಸರು ನೋಡಿ ಇದು ಕಳ್ಳ, ಇದು ಸಾವುಕಾರ ಅಂತ ಹೇಳಲಿಕ್ಕೆ ಯಾರಿಗೂ ಬರಂಗಿಲ್ಲ. ಇಂಜಿನಿಯರಿಂಗ್ ಮಾಡಿದವಗೂ ಬರಂಗಿಲ್ಲ. ಹಂಗ ಹೇಳಿ ರೊಕ್ಕ ಕೇಳೋನು ಇದ್ದಾನಲ್ಲ, ಮೊದಲು ಅವನ ಮ್ಯಾಲೆ ಸಂಶಯ ಪಡ್ರಿ, ಆಮ್ಯಾಲೆ ಕಂಪ್ಯೂಟರಿನ ಮ್ಯಾಲೆ.

ಎಲ್ಲಾರೂ ಹೆದರೋ ಹೆಸರು ಒಂದದ, ಎಸ್‌ವಿಸಿಹೋಸ್ಟ್. ಪಟ್ಟಿಯೊಳಗ ಇದು ಹತ್ತು, ಇಪ್ಪತ್ತು, ಕೆಲವು ಸಲ ಅರವತ್ತು ಸಲ ಕಾಣಸ್ತದ. ಒಬ್ಬ ರಿಪೇರಿಯವ ನಮ್ಮ ಬಾಜೂ ಮನ್ಯಾಗ ಕೂತು ಅದನ್ನ ಬಟ್ಟ ಹಿಡಿದು ಎಣಿಸಿ "ಅರವತ್ತು ವೈರಸ್ ಅವ ಬಾಯಾರ" ಅಂದ. ಖರೆ ಅಂದ್ರ ಅದು ವಿಂಡೋಸಿಂದs ಸ್ವಂತ ಗಾಡಿ. ನಮ್ಮ ಟಂಟಂ ಇದ್ದಂಗ. ಟಂಟಂ ಒಂದs ನಮೂನಿ, ಒಳಗ ಕೂತ ಮಂದಿ ಬ್ಯಾರೆ ಬ್ಯಾರೆ. ಒಂದರಾಗ ಸಪ್ಪಳ ಹೊರಡಿಸೋ ಕೆಲಸ, ಇನ್ನೊಂದರಾಗ ನೆಟ್ ಹಿಡಿಯೋ ಕೆಲಸ, ಮತ್ತೊಂದರಾಗ ಪ್ರಿಂಟರಿಂದು. ಮೊದಲು ಒಂದs ಗಾಡ್ಯಾಗ ಹತ್ತು ಮಂದಿ ತುರುಕತಿದ್ರು. 2017ರಾಗ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ, ಮೆಮೊರಿ 3.5 ಜಿಬಿಗಿಂತ ಹೆಚ್ಚಿದ್ದ ಕಂಪ್ಯೂಟರಿನಾಗ ಬಹಳಷ್ಟು ಮಂದಿಗೆ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಮಾಡಿದ್ರು. ಒಬ್ಬ ಬಿದ್ರ ಉಳಿದವರು ಬೀಳಬಾರದು ಅಂತ. ಅದಕ್ಕs ಗಾಡಿ ಹೆಚ್ಚಾದ್ವು. ಗಾಡಿ ಎಣಿಸಿ ಕಳ್ಳರು ಎಷ್ಟು ಅಂತ ಹೇಳೋನು ಖೊಟ್ಟಿ ಲೆಕ್ಕದವ. ಬಾಜೂಕಿನ ಸಣ್ಣ ಬಾಣ ಒತ್ತಿದ್ರ ಒಳಗ ಯಾರು ಕೂತಾರ ಅನ್ನೋದು ಅಲ್ಲೇ ಕಾಣತದ. ಆ ಬಾಣ ಒತ್ತಲಿಕ್ಕೆ ಡಿಗ್ರಿ ಬೇಕಾಗಂಗಿಲ್ಲ.

"ಸಿಸ್ಟಮ್ ಐಡಲ್ ಪ್ರೊಸೆಸ್" ಅಂತ ಇನ್ನೊಂದು. ಮುಂದ 95 ಅಂತ ಅಂಕಿ ಇರತದ. ಅದು ಕಂಪ್ಯೂಟರ್ ತಿಂದದ್ದಲ್ಲ, ಖಾಲಿ ಕೂತದ್ದು! ನೂರರಾಗ ತೊಂಬತ್ತೈದು ಪಾಲು ಏನೂ ಕೆಲಸ ಇಲ್ಲದ ಕೂತದ ಅಂತ ಅರ್ಥ. ಇದನ್ನೂ ವೈರಸ್ ಅಂದವರು ಇದ್ದಾರ. "ಆಂಟಿಮಾಲ್‌ವೇರ್ ಸರ್ವಿಸ್" ಅಂತ ಇರೋದು ವಿಂಡೋಸಿನ ಸ್ವಂತ ಕಾವಲುಗಾರ, ಡಿಫೆಂಡರ್. ಆತ ಎಲ್ಲಾ ತಪಾಸ ಮಾಡೋ ಹೊತ್ತಿಗೆ ಫ್ಯಾನ್ ಜೋರು ತಿರಗತದ. ಸಪ್ಪಳ ಆತು ಅಂತ ವಾಚ್‌ಮನ್‌ನ್ನ ಹೊರಗ ಹಾಕೋದೇನ್ರಿ?

ಇನ್ನ ನಮ್ಮ ವಾಟ್ಸಾಪ್ ಗ್ರೂಪಿನ ಪಂಡಿತರು. "ಈ ಹೆಸರಿನ ಫೈಲ್ ಇದ್ರ ಕೂಡಲೆ ತಗದ ಒಗೀರಿ, ಎಲ್ಲಾರಿಗೂ ಕಳಸ್ರಿ." ಇದೇನು ಹೊಸಾದಲ್ಲ. ವಾಟ್ಸಾಪ್ ಹುಟ್ಟೋಕಿಂತ ಮೊದಲs, 2001ರಾಗ, ಸಲ್ಫ್‌ಎನ್‌ಬಿಕೆ ಅನ್ನೋ ಫೈಲ್ ವೈರಸ್ ಅಂತ ಜಗತ್ತಿನ ತುಂಬ ಇಮೇಲ್ ಓಡ್ಯಾಡಿತು. ಮಂದಿ ಹುಡಕಿದ್ರು, ಸಿಕ್ತು, ಅಳಿಸಿದ್ರು. ಸಿಗದ ಏನು ಮಾಡತದ? ಅದು ಆಗಿನ ವಿಂಡೋಸ್ 98ರ ಜೋಡೀನs ಬಂದ ಫೈಲು, ಉದ್ದ ಹೆಸರಿನ ಫೈಲುಗಳ ಹೆಸರು ತಿರುಗಿ ಕೂಡಸಲಿಕ್ಕೆ ಇದ್ದದ್ದು. ಮರುವರ್ಷ ಇನ್ನೊಂದು ಬಂತು. ಅದಕ್ಕ ಪುಟ್ಟ ಕರಡಿ ಗೊಂಬಿ ಚಿತ್ರ ಇತ್ತು. ಕರಡಿ ಕಂಡ್ರ ವೈರಸ್ ಅಂತ ಗುಲ್ಲು. ಅದೂ ಮೈಕ್ರೋಸಾಫ್ಟಿಂದs ಫೈಲು. ಒಂದು ವೈರಸ್ಸೂ ಇಲ್ಲದ, ಬರೇ ಮಾತಿನಿಂದ, ಮಂದಿ ತಮ್ಮ ಕೈಯಾರೆ ತಮ್ಮ ಕಂಪ್ಯೂಟರಿನ ಸಾಮಾನು ಹೊರಗ ಒಗದ್ರು. ಇಪ್ಪತ್ತು ವರ್ಷ ಮ್ಯಾಲಾತು, ನಾವು ಇನ್ನೂ ಅದನ್ನs ಫಾರ್ವರ್ಡ್ ಮಾಡಕೋತ ಕೂತೀವಿ.

ಫೋನ್ ಮಾಡೋರದ್ದಂತೂ ಬ್ಯಾರೆನs ಧಂಧೆ. "ಮೇಡಂ, ನಾವು ಮೈಕ್ರೋಸಾಫ್ಟಿಂದ, ನಿಮ್ಮ ಕಂಪ್ಯೂಟರಿನಾಗ ವೈರಸ್ ಕಾಣಾಕತ್ತದ." ಆಮ್ಯಾಲೆ ಇವೆಂಟ್ ವ್ಯೂವರ್ ಅನ್ನೋದನ್ನ ತಗಸ್ತಾರ. ಅದರಾಗ ಕೆಂಪು, ಹಳದಿ ಗುರ್ತು ರಾಶಿ ಬಿದ್ದಿರತಾವ. ಅವು ಎಲ್ಲಾ ಕಂಪ್ಯೂಟರಿನಾಗೂ ಇರತಾವ್ರಿ, ನಿನ್ನೆ ತಂದ ಹೊಸಾದರಾಗೂ. ಇನ್ನೂ ಒಂದು ನಾಟಕ ಅದ. ಒಂದು ಕಮಾಂಡ್ ಹೊಡಿಸಿ ಉದ್ದಾನ ನಂಬರ್ ತರಸ್ತಾರ, "888ಡಿಸಿಎ60" ಅಂತ ಸುರು ಆಗೋದು, "ಇದು ನಿಮ್ಮ ಕಂಪ್ಯೂಟರಿನ ಗುಪ್ತ ನಂಬರ್, ನಮ್ಮ ಹತ್ರ ಅದ ನೋಡ್ರಿ, ಅಂದ್ರ ನಾವು ಖರೇನs ಮೈಕ್ರೋಸಾಫ್ಟಿನವರು" ಅಂತ ಓದಿ ಹೇಳತಾರ. ಆ ನಂಬರ್ ಪ್ರತಿ ವಿಂಡೋಸಿನಾಗೂ ಒಂದs! ಮನಿಗೆ ನಾಕು ಗ್ವಾಡಿ ಅವ ಅಂತ ಹೇಳಿ ಜ್ವಾತಿಷ್ಯ ಹೇಳಿದಂಗ ಆತು. ಮೈಕ್ರೋಸಾಫ್ಟ್ ತಾನಾಗಿ ಮನಿಗೆ ಫೋನ್ ಮಾಡಂಗಿಲ್ಲ, ಅದರ ಎರರ್ ಸಂದೇಶದಾಗ ಫೋನ್ ನಂಬರ್ ಇರಂಗಿಲ್ಲ. ಇಂಥ ಕಾಲ್ ಸೆಂಟರಿನವರು ಎಲ್ಲಿಯವರು ಅಂತೀರಿ? ನಮ್ಮ ದೇಶದವರೂ ಇದ್ದಾರ. 2023ರ ಅಕ್ಟೋಬರಿನಾಗ ಸಿಬಿಐ ಆಪರೇಶನ್ ಚಕ್ರ-2 ಅಂತ 76 ಕಡೆ ಹುಡುಕಿತು. ಹೊರದೇಶದ ವಯಸ್ಸಾದ ಮಂದಿಗೆ ಹಿಂಗs ಹೆದರಿಸಿ ರೊಕ್ಕ ಕಿತ್ತವರ ಪ್ರಕರಣಗಳೂ ಅದರಾಗ ಇದ್ದವು.

ಹಂಗಾದ್ರ ಏನು ನೋಡಬೇಕು?

ಹೊಸ್ತಿಲದಾಗ ಗುರ್ತಿಲ್ಲದವ ನಿಂತ್ರ ನಾವು ಏನು ಕೇಳತೀವಿ? ಯಾವೂರು, ಯಾರ ಮನಿಯವ, ಯಾರು ಕಳಿಸಿದ್ರು. ಅಷ್ಟs ಇಲ್ಲೂ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿ ಒತ್ತಿದ್ರ ಪಟ್ಟಿ ಬರತದ. ಸಂಶಯದ ಹೆಸರಿನ ಮ್ಯಾಲೆ ಮೌಸಿನ ಬಲಗಡೆ ಗುಂಡಿ ಒತ್ತಿ "ಓಪನ್ ಫೈಲ್ ಲೊಕೇಶನ್" ಅನ್ರಿ. ಅದರ ಮನಿ ತಗೀತದ. ಖರೇ ಎಸ್‌ವಿಸಿಹೋಸ್ಟಿನ ಮನಿ ಸಿ ಡ್ರೈವಿನ ವಿಂಡೋಸ್ ಒಳಗಿನ ಸಿಸ್ಟಮ್32, ಕೆಲವು ಸಲ ಅದರ ಬಾಜೂಕಿನ ಸಿಸ್‌ವಾವ್64. ಅದs ಹೆಸರು ಟೆಂಪ್ ಫೋಲ್ಡರಿನಾಗೋ ಡೌನ್‌ಲೋಡ್ಸಿನಾಗೋ ಸಿಕ್ತು ಅಂದ್ರ ಆಗ ಹೆದರ್ರಿ, ಅದಕ್ಕ ಅಲ್ಲಿ ಕೆಲಸ ಇಲ್ಲ. ಅಕ್ಷರಾನೂ ಕಣ್ಣಿಟ್ಟು ಓದ್ರಿ. ಎಸ್, ವಿ, ಸಿ ಇರೋ ಕಡೆ ಎಸ್, ಸಿ, ವಿ ಮಾಡಿ ಕಳ್ಳರು ಒಳಗ ಬರತಾರ. ಎಲ್‌ಎಸ್‌ಎಎಸ್‌ಎಸ್ ಅನ್ನೋ ಖರೇ ಹೆಸರಿನ ಮೊದಲನೇ ಎಲ್ ಇರೋ ಕಡೆ ದೊಡ್ಡ ಐ ಇಡತಾರ, ಕಣ್ಣಿಗೆ ಎರಡೂ ಒಂದs ಕಡ್ಡಿ ಕಂಡಂಗ ಕಾಣತಾವ. ಅಕ್ಕಿಯೊಳಗಿನ ಹಳ್ಳು ಆರಿಸೋ ಕಣ್ಣು ನಮ್ಮದು, ಈ ಕೆಲಸಕ್ಕ ನಮ್ಮಷ್ಟು ಛಲೋ ಯಾರಿದ್ದಾರ?

ಮನಿ ಒಂದನ್ನs ನೋಡಿ ನೇಣಿಗೂ ಹಾಕಬ್ಯಾಡ್ರಿ ಮತ್ತ. ಆಪ್‌ಡೇಟಾ ಅನ್ನೋ ಫೋಲ್ಡರಿನಾಗ ಕಳ್ಳರೂ ಅಡಗತಾರ, ಮಕ್ಕಳ ಜೋಡಿ ಮಾತಾಡೋ ಝೂಮ್‌ನೂ ಅಲ್ಲೇ ಇರತದ. ಅದಕ್ಕs ಎರಡನೇ ಪ್ರಶ್ನೆ, ಯಾರ ಸಹಿ ಅದ? ಫೈಲಿನ ಮ್ಯಾಲೆ ಮತ್ತ ಬಲಗಡೆ ಒತ್ತಿ ಪ್ರಾಪರ್ಟೀಸ್, ಅದರಾಗ ಡಿಜಿಟಲ್ ಸಿಗ್ನೇಚರ್ಸ್. ಮಾಡಿದ ಕಂಪನಿ ಹೆಸರು ಬರತದ. ವಿಂಡೋಸಿನ ಸ್ವಂತ ಕೆಲವು ಫೈಲಿಗೆ ಈ ಪುಟ ಕಾಣಂಗಿಲ್ಲ, ಅವುಗಳ ಸಹಿ ಬ್ಯಾರೆ ಕಡೆ ಇಟ್ಟಿರತಾರ. ಹಂಗಂತ ಅವು ಕಳ್ಳ ಅಲ್ಲ.

ಸಹಿ ಇದ್ರ ಮುಗೀತು ಅಂತಾನೂ ಇಲ್ಲ. 2017ರಾಗ ಸಿಕ್ಲೀನರ್ ಅನ್ನೋ ಕಸ ತಗಿಯೋ ಪ್ರೋಗ್ರಾಂನ 5.33ನೇ ಆವೃತ್ತಿಯೊಳಗ, ತಯಾರಾಗೋ ಕಡೇನs ಕಳ್ಳರು ಹೊಕ್ಕು ತಮ್ಮ ಕೋಡ್ ಸೇರಿಸಿದ್ರು. ಕಂಪನಿ ಸಹಿ ಬರೋಬ್ಬರಿ ಇತ್ತು. 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರಿಗೆ ಅದು ಹೋತು. ಕಸಬರಿಗ್ಯಾಗs ಚೇಳು! ಇಷ್ಟಾದ್ರೂ ಕಂಪ್ಯೂಟರ್ ಮಂದ ಆದ ಕೂಡಲೆ ನಾಕು ನಮೂನಿ "ಕ್ಲೀನರ್" ಹಾಕ್ಕೊಳ್ಳೋ ಹುಚ್ಚು ನಮ್ಮ ಮಂದಿಗೆ ಹೋಗವಲ್ದು. ಗೂಗಲ್‌ನಾಗ ಆ ಹೆಸರು ಹುಡುಕಿದ್ರೂ "ಇದು ಅಪಾಯ, ನಮ್ಮ ಸ್ಕ್ಯಾನರ್ ಇಳಿಸಿಕೊಳ್ರಿ" ಅನ್ನೋ ಪುಟಗಳು ಮುಂದ ಬಂದು ಕೂಡತಾವ. ಹೆದರಿಸಿ ಮಾರೋರ ಮಾತು ಅದು.

ಮೂರನೇ ಪ್ರಶ್ನೆ ನನಗ ಎಲ್ಲಕ್ಕಿಂತ ದೊಡ್ಡದು: ಇದನ್ನ ಒಳಗ ಯಾರು ತಂದ್ರು, ಎಂದು ತಂದ್ರು? ಎನಿಡೆಸ್ಕ್, ಟೀಮ್‌ವೀವರ್ ಇವು ಖರೇ ಕಂಪನಿಯ ಖರೇ ಪ್ರೋಗ್ರಾಂಗಳು, ಮನಿನೂ ಬರೋಬ್ಬರಿ, ಸಹಿನೂ ಬರೋಬ್ಬರಿ. ದೂರದಿಂದ ಇನ್ನೊಬ್ಬರ ಕಂಪ್ಯೂಟರ್ ನಡಸಲಿಕ್ಕೆ ಮಾಡಿದ್ದು. ಫೋನಿನ್ಯಾಗ ಗುರ್ತಿಲ್ಲದವ ಹೇಳಿದ ಅಂತ ಹಾಕ್ಕೊಂಡಿದ್ರ ಕೀಲಿಕೈ ಅವನ ಕೈಯಾಗ ಹೋತು. ಯಾವ ಆಂಟಿವೈರಸ್ಸೂ ಅಲ್ಲಿ ಬೊಬ್ಬಿ ಹೊಡೀತದ ಅಂತ ನಂಬಿ ಕೂಡಬ್ಯಾಡ್ರಿ. ಅದು ಯಾಕ ಬಂತು ಅನ್ನೋದು ಮನಿಯವರಿಗಷ್ಟs ಗೊತ್ತಿರತದ.

"ನಿಮಗ ತಿಳಿಯಂಗಿಲ್ಲ, ಕೈ ಹಚ್ಚಬ್ಯಾಡ್ರಿ" ಅಂತ ಗಂಡಸರು, ಮಕ್ಕಳು, ಅಳಿಯಂದ್ರು ಎಲ್ಲಾರೂ ಹೇಳೋರs. ನೋಡೋದು ಬ್ಯಾರೆ, ಕೈ ಹಚ್ಚೋದು ಬ್ಯಾರೆ. ಮನಿ ನೋಡಿದ್ರ, ಸಹಿ ಓದಿದ್ರ ಏನೂ ಕೆಡಂಗಿಲ್ಲ. ಕೆಡೋದು ಯಾವಾಗ ಅಂದ್ರ ಗಡಬಡಿ ಮಾಡಿ ಕಂಡದ್ದಕ್ಕೆಲ್ಲ "ಎಂಡ್ ಟಾಸ್ಕ್" ಒತ್ತಿದಾಗ, ಫೈಲ್ ಅಳಿಸಿದಾಗ. ಸಿಎಸ್‌ಆರ್‌ಎಸ್‌ಎಸ್ ಅನ್ನೋದನ್ನ ಕೊಂದ್ರ ವಿಂಡೋಸs ನೆಲಕ್ಕ ಬೀಳತದ. ಅದಕ್ಕ ಮೊದಲು ವಿಚಾರಣಿ, ಆಮ್ಯಾಲೆ ಶಿಕ್ಷೆ. ಸಂಶಯ ಉಳದ್ರ ವಿಂಡೋಸ್ ಸೆಕ್ಯುರಿಟಿಯೊಳಗ "ಆಫ್‌ಲೈನ್ ಸ್ಕ್ಯಾನ್" ಅದ, ಪುಕ್ಕಟೆ. ಕಂಪ್ಯೂಟರ್ ಬಂದ್ ಆಗಿ ತಿರುಗಿ ಎದ್ದು, ವಿಂಡೋಸ್ ಸುರು ಆಗೋಕಿಂತ ಮೊದಲು ತಪಾಸ ಮಾಡತದ, ಸುಮಾರು 15 ಮಿನಿಟು. ಕುಕ್ಕರ್ ಇಟ್ಟು ಬರೋದ್ರಾಗ ಮುಗೀತದ. ಒಂದು ಫೈಲ್ ಮ್ಯಾಲೆ ಸಂಶಯ ಇದ್ರ ವೈರಸ್‌ಟೋಟಲ್‌ಗೆ ಕೊಟ್ರ ಸುಮಾರು 70 ಆಂಟಿವೈರಸ್‌ಗಳು ಒಮ್ಮೆಲೆ ನೋಡಿ ಹೇಳತಾವ. ಅಲ್ಲಿ ಕೊಟ್ಟದ್ದು ಬ್ಯಾರೆಯವರಿಗೂ ಸಿಗತದ, ಅದಕ್ಕ ಆಧಾರ್, ಬ್ಯಾಂಕಿನ ಕಾಗದ ಮಾತ್ರ ಹಾಕಬ್ಯಾಡ್ರಿ.

ಖರೇ ಕಳ್ಳ ಇರಂಗಿಲ್ಲ ಅಂತ ನಾ ಹೇಳಾಕತ್ತಿಲ್ಲ. ಇರತಾರ. ಟಾಸ್ಕ್ ಮ್ಯಾನೇಜರ್ ತಗದ ಕೂಡಲೆ ಉಸಿರು ಹಿಡದು ಕೂಡೋವೂ ಅವ. ಫಾರ್ಮ್ಯಾಟs ಮಾಡಬೇಕಾದ ಪ್ರಸಂಗಾನೂ ಬರತಾವ. ಆದ್ರ ಅದು ಕಡೀ ಮದ್ದು, ಮೊದಲನೇದಲ್ಲ. ನಮ್ಮ ಓಣಿಯ ಒಬ್ಬಾಕಿ ಮಗಳ ಲಗ್ನದ ಫೋಟೋ, ತೀರಿಕೊಂಡ ಯಜಮಾನ್ರ ಧ್ವನಿ ಇದ್ದ ನಾಕು ರೆಕಾರ್ಡಿಂಗ್, ಎಲ್ಲಾ ಅದs "ಅರವತ್ತು ವೈರಸ್ಸಿನ" ಫಾರ್ಮ್ಯಾಟಿನಾಗ ಹೋದ್ವು. ಕಾಪಿ ತಗದಿಡಲೇನು ಅಂತ ಒಂದು ಮಾತು ಕೇಳಲಿಲ್ಲ ಆ ಪುಣ್ಯಾತ್ಮ. ಅದರ ಮ್ಯಾಲೆ ಏನು ಹಾಕಿ ಕೊಟ್ಟ? ಖೊಟ್ಟಿ ವಿಂಡೋಸ್. ಅದನ್ನ ನಡಸಲಿಕ್ಕೆ ಒಂದು ಆಕ್ಟಿವೇಟರ್. ಆ ಆಕ್ಟಿವೇಟರಿಗೆ ತೊಂದರಿ ಆಗಬಾರದು ಅಂತ ಡಿಫೆಂಡರ್ ಬಂದ್. ವೈರಸ್ ಅಂತ ಕೂಗಿದವನs ಹಿತ್ತಲ ಬಾಗಿಲಾ ತಗದಿಟ್ಟು, ಕೈಚೀಲದಾಗ ರೊಕ್ಕ ಹಾಕ್ಕೊಂಡು ಹೋದ. ಕಳ್ಳರ ಸಾಮಾನು ಹೆಚ್ಚಿಗಿ ಬರೋದು ಇಂಥ ಪುಕ್ಕಟೆ ಆಕ್ಟಿವೇಟರ್, ಪುಕ್ಕಟೆ ಆಟದ ಜೋಡೀನs.

ಅಂಗಡಿಯವರೆಲ್ಲ ಹಂಗಲ್ಲ, ಗೊತ್ತದ. ಛಲೋ ಇದ್ದವ ಕೇಳಿದ್ದಕ್ಕ ಸಿಟ್ಟಿಗೇಳಂಗಿಲ್ಲ. ಅವಗ ಹೇಳ್ರಿ: ಯಾವ ಫೈಲು, ಯಾವ ಫೋಲ್ಡರಿನಾಗ ಅದ, ಆಂಟಿವೈರಸ್ ಅದಕ್ಕ ಏನು ಹೆಸರು ಕೊಟ್ಟದ, ಒಂದು ಚೀಟ್ಯಾಗ ಬರದು ಕೊಡಪಾ. ನನ್ನ ಫೋಟೋ, ಕಾಗದ ಪತ್ರ ಬ್ಯಾರೆ ಡಿಸ್ಕಿಗೆ ನನ್ನ ಎದುರಿಗೆ ಇಳಿಸು. ಬಿಲ್ಲು ಕೊಡು. ಬರೀಲಿಕ್ಕೆ ತಡವರಿಸಿದ್ರ ಲ್ಯಾಪ್‌ಟಾಪ್ ಮಡಚಿ ಎದ್ದು ಬರ್ರಿ, ಚಹಾದ ದಾಕ್ಷಿಣ್ಯಕ್ಕ ಕೂಡಬ್ಯಾಡ್ರಿ.

ಇನ್ನ ಖರೇನs ಯಾರರೆ ಒಳಗ ಹೊಕ್ಕಾರ ಅಂತ ಆದ್ರ, ಮೊದಲು ನೆಟ್ ಬಂದ್ ಮಾಡ್ರಿ. ಬ್ಯಾಂಕಿನ, ಇಮೇಲಿನ ಪಾಸ್‌ವರ್ಡ್ ಅದs ಕಂಪ್ಯೂಟರಿನಿಂದ ಬದಲಿ ಮಾಡಬ್ಯಾಡ್ರಿ, ಹೊಸಾದೂ ಕಳ್ಳಗ ಕೊಟ್ಟಂಗ ಆಗತದ. ಬ್ಯಾರೆ ಫೋನಿನಿಂದ ಮಾಡ್ರಿ. ರೊಕ್ಕ ಹೋಗಿದ್ರ ಬ್ಯಾಂಕಿಗೂ 1930ಕ್ಕೂ ಆಗಿಂದಾಗs ಫೋನ್ ಮಾಡ್ರಿ, "ಅವರು ಸಂಜೀಕ ಬರಲಿ, ಕೇಳಿ ಮಾಡೋಣು" ಅಂತ ಕಾಯಬ್ಯಾಡ್ರಿ. ತಡ ಆದಷ್ಟು ರೊಕ್ಕ ಕೈಯಿಂದ ಕೈಗೆ ದಾಟತದ. ಸೋಂಕು ತಗಿಯೋ ಪುಕ್ಕಟೆ ಸಾಧನಗಳನ್ನ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೊಡಾಕತ್ತದ. ಯಾರಿಗರೆ ಟಾಸ್ಕ್ ಮ್ಯಾನೇಜರ್ ತಗದು ನೋಡೂದು ಬರಲಿಲ್ಲಂದ್ರ ಮಧ್ಯಾಹ್ನ ಮೂರರ ಮ್ಯಾಲೆ ಲ್ಯಾಪ್‌ಟಾಪ್ ತಗೊಂಡು ನಮ್ಮನಿಗೆ ಬರ್ರಿ, ಕೂಡಿ ನೋಡೋಣು.